ಹದ್ದಿನ ಗುಡ್ಡದ ಮರೆ

ಶಾಂತಾರಾಮ ತಾಂಡೇಲ ತನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಬೋಟಿನ ಮೇಲೆ ಏನೇನೋ ಹೇರಿಕೊಂಡು ಹೋದವನು. ಮೀನಂತೂ ಸರಿ. ಒಮ್ಮೆ ದೇವಬಾಗಕ್ಕೆ ಮದುವೆಯ ದಿಬ್ಬಣ, ಇನ್ನೊಮ್ಮೆ ಶಾಲೆಯ ಬೆಂಚುಗಳು, ಒಂದು ಸಲ ಗಬ್ಬದ ಎಮ್ಮೆ. ಆದರೆ ಗ್ರಾಮ ಪಂಚಾಯತದ ಸದಸ್ಯರನ್ನು ಹೇರಿಕೊಂಡು ಸಮುದ್ರಕ್ಕೆ ಹೋಗಿದ್ದು ಎರಡು ಸಾವಿರದ ಐದನೇ ಇಸವಿಯ ಮಾರ್ಚ್ ತಿಂಗಳಲ್ಲೇ ಮೊದಲು. ಎಮ್ಮೆಯೇ ವಾಸಿಯಾಗಿತ್ತು ಎಂದು ಆಮೇಲೆ ಅವನಿಗೆ ಅನ್ನಿಸಿದ್ದುಂಟು. ಅದು ವಾಂತಿಯನ್ನಾದರೂ ಮಾಡಿಕೊಂಡಿರಲಿಲ್ಲ.

ಹೊನ್ನೆಬಾಗ ಕಾರವಾರಕ್ಕೂ ಅಂಕೋಲೆಗೂ ನಡುವಿನ ಊರು. ಹೆದ್ದಾರಿ ಅದನ್ನು ಸೀಳಿಕೊಂಡು ಹೋಗಿದೆ. ಪಶ್ಚಿಮಕ್ಕೆ ಮೀನಿನವರ ಕೇರಿ, ಪೂರ್ವಕ್ಕೆ ಗದ್ದೆಯವರ ಕೊಪ್ಪ, ಹೆದ್ದಾರಿಯ ಮೇಲೆ ಅಂಗಡಿ ಸಾಲು. ಪಂಚಾಯತಕ್ಕೆ ಹನ್ನೊಂದು ಸ್ಥಾನ. ಫೆಬ್ರುವರಿಯ ಚುನಾವಣೆಯಲ್ಲಿ ಅಂಗಡಿ ಸಾಲಿನ ಮಂಗೇಶನ ಗುಂಪಿಗೆ ಐದು ಬಂದವು, ಮೀನಿನ ಕೇರಿಗೆ ನಾಲ್ಕು, ಗದ್ದೆಯವರಿಗೆ ಎರಡು. ಯಾರಿಗೂ ಬಹುಮತವಿಲ್ಲ. ಮಂಗೇಶನಿಗೆ ಎಂಟು ಲಾರಿ ಇದ್ದವು, ಲಾರಿಗೆ ಕೆಲಸ ಬೇಕಿತ್ತು. ಕೇರಿಯ ಹೆಂಗಸರು ಮೀನು ಒಣಗಿಸುವ ಬಯಲನ್ನು ಅದಿರಿನ ಕಂಪನಿಯೊಂದಕ್ಕೆ ಕೊಡಿಸಿ, ಅಲ್ಲಿ ಕೆಂಪು ಅದಿರನ್ನು ಗುಡ್ಡೆ ಹಾಕಿಸುವುದು ಅವನ ಲೆಕ್ಕಾಚಾರ. ಅಧ್ಯಕ್ಷರು ತನ್ನವರಾದರೆ ಒಂದು ಠರಾವು ಸಾಕು. ಅದಿರಿನ ಧೂಳು ಕೂತ ಮೀನನ್ನು ಯಾರು ಕೊಳ್ಳುತ್ತಾರೆ? ಕೇರಿಯ ಅರ್ಧ ಮನೆಗಳು ಆ ಬಯಲಿನ ಮೇಲೆ ನಿಂತಿದ್ದವು.

ಆದ್ದರಿಂದ ಶಾಂತಾರಾಮ ಒಂದು ಸಂಜೆ ಹೆದ್ದಾರಿ ದಾಟಿ ಸುಕ್ರ ಗೌಡನ ಅಂಗಳಕ್ಕೆ ಹೋಗಿ ಕೂತ. ಸುಕ್ರ ಗದ್ದೆಯವರ ಹಿರಿಯ, ತಾನೂ ಗೆದ್ದವನು. ಎರಡನೆಯ ಸ್ಥಾನದಲ್ಲಿ ಗೆದ್ದವಳು ಅವನ ನಾದಿನಿ. ಎಲೆಯಡಿಕೆಯ ಕವಳ ಹಾಕಿಕೊಂಡು ಅವನು ಅಗಿಯುತ್ತಲೇ ಎಲ್ಲ ಕೇಳಿಸಿಕೊಂಡ. ಮಾತು ಮುಗಿದಾಗ ಕರಾರು ಇಷ್ಟಾಗಿತ್ತು: ಮಹಿಳೆಗೆ ಮೀಸಲಾದ ಅಧ್ಯಕ್ಷತನ ಕೇರಿಯಿಂದ ಗೆದ್ದಿದ್ದ ಶಾಂತಾರಾಮನ ಸೊಸೆ ಸುಮಲತಾಗೆ, ಉಪಾಧ್ಯಕ್ಷತನ ಸುಕ್ರನಿಗೆ. ಬಯಲನ್ನು ಯಾರಿಗೂ ಕೊಡುವುದಿಲ್ಲ. ಗದ್ದೆಗೆ ಉಪ್ಪುನೀರು ನುಗ್ಗುವ ಕಡೆ ಕಟ್ಟು ಹಾಕಿಸುವುದು. ಅಲ್ಲಿಗೆ ಆರು ಮತ.

ಆರು ಎಂದರೆ ಆರೇ. ಒಂದು ಕಳಚಿದರೆ ಐದಕ್ಕೆ ಐದು, ಚೀಟಿ ಎತ್ತಬೇಕು. ಮಂಗೇಶನ ಜೀಪು ಆಗಲೇ ಕೇರಿಯಲ್ಲಿ ಸುಳಿದಾಡಲು ಶುರುಮಾಡಿತ್ತು. ಬೇರೆ ಕಡೆ ಇಂಥ ಹೊತ್ತಿನಲ್ಲಿ ಸದಸ್ಯರನ್ನು ಗೋವಾದ ಹೋಟೆಲಿಗೆ ಕರೆದೊಯ್ಯುವುದು ರೂಢಿ. ಶಾಂತಾರಾಮ ಅದನ್ನು ಒಪ್ಪಲಿಲ್ಲ. ಗೋವಾಕ್ಕೆ ರಸ್ತೆಯಿದೆ, ರಸ್ತೆಯಿದ್ದಲ್ಲಿ ಜೀಪೂ ಬರುತ್ತದೆ. ಸುಮಲತಾಳನ್ನೂ ಸುಕ್ರನ ನಾದಿನಿಯನ್ನೂ ಹಣಕೋಣದಲ್ಲಿದ್ದ ಸುಮಲತಾಳ ತವರಿಗೆ ಕಳಿಸಿದ. ಗಂಡಸರು ನಾಲ್ವರನ್ನು ತನ್ನ ಬೋಟಿಗೆ ಹತ್ತಿಸಿದ. ಮಂಗಳವಾರ ಹೊರಟು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮತದಾನದ ಹೊತ್ತಿಗೆ ನೇರ ಪಂಚಾಯತ ಕಚೇರಿಗೆ ಇಳಿಸುವುದು. ಇದ್ದ ಮೊಬೈಲುಗಳನ್ನೆಲ್ಲ ಅಕ್ಕಿಯ ಡಬ್ಬಿಗೆ ಹಾಕಿ ಮುಚ್ಚಿದ. ತನ್ನದೊಂದನ್ನು ಮಾತ್ರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಇಷ್ಟು ಒಳ್ಳೆಯ ಉಪಾಯ ತನಗೇ ಹೊಳೆಯಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಪ್ರೀತಿ ಉಕ್ಕಿತ್ತು.

ನಾಲ್ವರಲ್ಲಿ ಒಬ್ಬ ಜಟ್ಟು. ಇಪ್ಪತ್ತೈದು ವರ್ಷದಿಂದ ಶಾಂತಾರಾಮನ ಬೋಟಿನಲ್ಲೇ ದುಡಿಯುವವನು. ಅವನನ್ನು ಚುನಾವಣೆಗೆ ನಿಲ್ಲಿಸಿದ್ದು ಶಾಂತಾರಾಮ, ಗೆಲ್ಲಿಸಿದ್ದು ಅವನ ತಾಯಿ ಕಾಮಿ. ಎಪ್ಪತ್ತೆಂಟರ ಮುದುಕಿ ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಮನೆ ಮನೆಗೆ ಹೋಗಿ, ಇಷ್ಟು ವರ್ಷ ಮೀನು ಹಾಕಿದ್ದೇನೆ, ಈಗ ನೀವು ಇದಕ್ಕೆ ಮತ ಹಾಕಿ ಎಂದು ಕೇಳಿದ್ದಳು. ಕೇರಿಯಲ್ಲಿ ಅವಳಿಗೆ ಇಲ್ಲವೆನ್ನುವ ನಾಲಿಗೆ ಯಾರಿಗಿತ್ತು! ಶಾಂತಾರಾಮನಿಗಂತೂ ಇರಲಿಲ್ಲ. ಅವನ ಅಪ್ಪ ಸಮುದ್ರದಲ್ಲಿ ಹೋದ ವರ್ಷ ಇವನಿಗೆ ಒಂಬತ್ತು. ಇಡೀ ವರ್ಷ ಕಾಮಿ ಪೇಟೆಗೆ ಹೊರಡುವ ಮುಂಚೆ ಅವರ ಮೆಟ್ಟಿಲ ಮೇಲೆ ಒಂದು ಬೊಗಸೆ ಮೀನು ಸುರಿದು ಹೋಗುತ್ತಿದ್ದಳು. ಒಂದು ಮಾತಾಡುತ್ತಿರಲಿಲ್ಲ, ಬಾಗಿಲನ್ನೂ ಬಡಿಯುತ್ತಿರಲಿಲ್ಲ. ಶಾಂತಾರಾಮನ ಮೈಯಲ್ಲಿದ್ದ ಕಸುವು ಆ ಬೊಗಸೆಯದ್ದು.

ಮಂಗಳವಾರ ಬೋಟು ಹೊರಡುವಾಗ ಅವಳು ದಡಕ್ಕೆ ಬಂದಿದ್ದಳು. ಒಣ ಸಿಗಡಿಯ ಚಟ್ನಿ ತುಂಬಿದ ಡಬ್ಬಿಯೊಂದನ್ನು ಶಾಂತಾರಾಮನ ಕೈಗಿಟ್ಟಳು.

"ಗೌಡ್ರಿಗೂ ಕೊಡು. ಗದ್ದೆ ಬಾಯಿಗೆ ಸೇರ್ತದೋ ಇಲ್ವೋ," ಎಂದಳು. ಆಮೇಲೆ, "ಶಾಂತಾ, ನನ್ನ ಮಗನ್ನ ಹೊತ್ತಿಗೆ ಸರಿ ತಂದು ಬಿಡು, ಹಾಂ," ಎಂದಳು.

"ಹನ್ನೊಂದು ಗಂಟೆ ಅಂದ್ರೆ ಹನ್ನೊಂದು ಗಂಟೆ, ಕಾಮಕ್ಕಾ," ಎಂದಿದ್ದ ಶಾಂತಾರಾಮ.

ಇಲ್ಲಿ ಕೇರಿಯ ಒಂದು ಪದ್ಧತಿಯನ್ನು ಹೇಳಬೇಕು. ದಡದ ಮೇಲೆ, ಒಣಗಿಸುವ ಬಯಲಿನ ಅಂಚಿಗೆ, ಒಂದು ಎತ್ತರದ ಬಿದಿರು ನೆಟ್ಟಿದೆ. ಕೇರಿಯಲ್ಲಿ ಸಾವಾದರೆ ಅದಕ್ಕೆ ಬಿಳಿ ಬಟ್ಟೆ ಏರಿಸುತ್ತಾರೆ. ಸಮುದ್ರದಲ್ಲಿರುವವರಲ್ಲಿ ಮೊದಲು ಕಂಡವನು 'ಬಟ್ಟೆ' ಎಂದು ಕೂಗಿ ಹೇಳಬೇಕು. ಬಲೆ ನೀರಿನಲ್ಲಿದ್ದರೂ ಎಳೆದುಕೊಂಡು ದೋಣಿ ತಿರುಗಿಸಬೇಕು. ಆ ದಿನ ಮತ್ತೆ ಯಾರೂ ನೀರಿಗೆ ಇಳಿಯುವುದಿಲ್ಲ. ಬಟ್ಟೆ ಏರಿಸಿದವನು ಬಿದಿರಿನ ಬುಡದಲ್ಲೇ ನಿಂತಿರಬೇಕು, ಕಡೆಯ ದೋಣಿ ಬರುವ ತನಕ. ದಡಕ್ಕೆ ಬಂದ ಒಬ್ಬೊಬ್ಬನೂ ಅವನನ್ನು ಒಂದೇ ಮಾತು ಕೇಳುತ್ತಾನೆ: "ಯಾರ ಮನೆ?" ಅವನು ಹೇಳಬೇಕು. ಇದಕ್ಕೆ ಶಾಸ್ತ್ರವೂ ಇಲ್ಲ, ಪುಸ್ತಕವೂ ಇಲ್ಲ. ಬೋಟಿಗೆ ಇಂಜಿನ್ ಬಂದರೂ ಜೇಬಿಗೆ ಮೊಬೈಲು ಬಂದರೂ ಇದು ಮಾತ್ರ ತಪ್ಪಿರಲಿಲ್ಲ.

ಬುಧವಾರ ಮಧ್ಯಾಹ್ನದ ತನಕ ಎಲ್ಲ ಸುಸೂತ್ರ. ಸುಕ್ರ ಗೌಡ ಬೋಟಿನ ಅಂಚು ಹಿಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, "ತಾಂಡೇಲ್ರೆ, ನಮ್ ಗದ್ದೆ ಅಲ್ಲಾಡುದಿಲ್ಲ, ಅದೇ ಪುಣ್ಯ," ಎನ್ನುತ್ತಿದ್ದ. ಜಟ್ಟು ಎಲ್ಲರಿಗೂ ಅಡುಗೆ ಮಾಡಿ ಬಡಿಸುತ್ತಿದ್ದ. ಉಳಿದಿಬ್ಬರು ಇಸ್ಪೀಟಿನಲ್ಲಿ ಮುಳುಗಿದ್ದರು. ಮೂರು ಗಂಟೆಯ ಸುಮಾರಿಗೆ ಶಾಂತಾರಾಮನ ಜೇಬು ಗುಂಯ್‌ಗುಟ್ಟಿತು. ಮಗ ನಿತೇಶ.

"ಅಪ್ಪಾ, ಕಾಮಜ್ಜಿ ಮೀನು ಒಣಗ್ಸುವಲ್ಲೇ ಬಿದ್ದದೆ. ಡಾಕ್ಟ್ರು ಬಂದಿದ್ರು, ಹೆಚ್ಚು ಹೊತ್ತಿಲ್ಲ ಹೇಳ್ತಾರೆ. ಜಟ್ಟು, ಜಟ್ಟು ಹೇಳಿ ಕರೀತಾ ಅದೆ. ಅವನ ಹೆಂಡ್ತಿ ಇಲ್ಲೇ ಬಾಗ್ಲಲ್ಲಿ ನಿಂತದೆ. ಎಂತಾ ಹೇಳ್ಲಿ?"

ಶಾಂತಾರಾಮ ಹಿಂದೆ ತಿರುಗಿ ನೋಡಿದ. ಜಟ್ಟು ಬೋಟಿನ ಹಿಂಬದಿಯಲ್ಲಿ ಕೂತು ಬಂಗಡೆಯ ಹೊಟ್ಟೆ ಸೀಳುತ್ತಿದ್ದ. ದಡಕ್ಕೆ ಎರಡು ತಾಸಿನ ದಾರಿ. ಐದಕ್ಕೆಲ್ಲ ಮುಟ್ಟಿಸಬಹುದಿತ್ತು. ಮುಟ್ಟಿಸಿದರೆ ಜಟ್ಟು ತಾಯಿಯ ಬದಿಯಿಂದ ಏಳುವವನಲ್ಲ. ನಾಳೆ ಅವಳು ತೀರಿಕೊಂಡಳೆಂದರೆ ಹೆಣ ಬಿಟ್ಟು ಮತ ಹಾಕಲು ಬಾ ಎಂದು ಕರೆಯುವವರು ಯಾರು? ಐದಕ್ಕೆ ಐದು. ಚೀಟಿ. ಮಂಗೇಶನ ಅದೃಷ್ಟ ಯಾವಾಗಲೂ ಚೆನ್ನಾಗಿಯೇ ಇತ್ತು.

"ಫೋನು ಹತ್ತಲಿಲ್ಲ ಹೇಳು," ಎಂದ ಶಾಂತಾರಾಮ.

"ಅಪ್ಪಾ..."

"ನಾಳೆ ಬತ್ತೇವಲ್ಲ. ಕಾಮಕ್ಕ ಗಟ್ಟಿ ಜೀವ. ಅಷ್ಟು ಸುಲಭಕ್ಕೆ ಹೋಗುದಿಲ್ಲ. ಹತ್ತಲಿಲ್ಲ ಹೇಳು ಅಂದ್ನಲ್ಲ."

ಫೋನಿಟ್ಟು ಬೋಟನ್ನು ದಡಕ್ಕೆ ಇನ್ನೂ ಹತ್ತಿರವಿದ್ದ ಹದ್ದಿನ ಗುಡ್ಡದ ಆಚೆಗೆ ತಂದು ಲಂಗರು ಹಾಕಿದ. ಸಮುದ್ರದ ನಡುವೆ ಎದ್ದ ಆ ಕಲ್ಲುಗುಡ್ಡದ ಪಶ್ಚಿಮಕ್ಕೆ ಹೋದರೆ ಊರು ಕಾಣುವುದಿಲ್ಲ, ಫೋನೂ ಹತ್ತುವುದಿಲ್ಲ. ಹೀಗೆ ತನ್ನ ಸುಳ್ಳನ್ನು ಅರ್ಧ ನಿಜ ಮಾಡಿಕೊಂಡ. ಸಂಜೆ ಜಟ್ಟು ಬಡಿಸಿದ ಬಂಗಡೆ ಸಾರನ್ನು ಅವನು ಅರ್ಧಕ್ಕೇ ಬಿಟ್ಟ. "ಉಪ್ಪು ಜಾಸ್ತಿಯಾಯ್ತಾ ಶಾಂತಣ್ಣ?" ಎಂದು ಜಟ್ಟು ಕೇಳಿದ. ಇಲ್ಲವೆಂದು ಶಾಂತಾರಾಮ ತಲೆಯಾಡಿಸಿದ. ಚಟ್ನಿಯ ಡಬ್ಬಿಯನ್ನು ಅವನು ಮುಟ್ಟಲೇ ಇಲ್ಲ.

ಗುರುವಾರ ಎಂಟೂವರೆಗೆ ಲಂಗರು ಎತ್ತಿ ಗುಡ್ಡದ ಮೂಲೆ ಸುತ್ತಿ ಈಚೆಗೆ ಬಂದರು. ಶಾಂತಾರಾಮ ಚುಕ್ಕಾಣಿ ಹಿಡಿದು ನಿಂತಿದ್ದ. ಸುಕ್ರ ಗೌಡ ಪಕ್ಕದಲ್ಲಿ ಕಂಬವನ್ನು ಅಪ್ಪಿಕೊಂಡು ನಿಂತಿದ್ದ. ಇಸ್ಪೀಟಿನವರಿಬ್ಬರು ಕ್ಯಾಬಿನ್ನಿನಲ್ಲಿ ಒಂದೇ ಕನ್ನಡಿಗೆ ಜಗಳವಾಡುತ್ತ ಗಡ್ಡ ಹೆರೆಯುತ್ತಿದ್ದರು. ಜಟ್ಟು ಆಗತಾನೇ ಪಾತ್ರೆ ತೊಳೆದು ಮುಂದಕ್ಕೆ ಬರುತ್ತಿದ್ದ.

ಬಿಸಿಲಿಗೆ ದಡ ಚೆನ್ನಾಗಿ ಬೆಳಗುತ್ತಿತ್ತು. ತೆಂಗಿನ ಸಾಲು, ಬಯಲು, ಬಯಲಿನ ಅಂಚಿಗೆ ಬಿದಿರು. ಬಿದಿರಿನ ತುದಿಯಲ್ಲಿ ಬಿಳಿ.

ಶಾಂತಾರಾಮನ ಕಣ್ಣಿಗೆ ವಯಸ್ಸಾಗಿರಲಿಲ್ಲ. ಕಂಡಿದ್ದು ಕಂಡಿತು. ಅದು ಯಾರ ಮನೆಯ ಬಟ್ಟೆ ಎಂದು ಕೇಳಬೇಕಾಗಿಯೂ ಇರಲಿಲ್ಲ. ಕೂಗು ಎದ್ದು ಗಂಟಲಿನ ತನಕ ಬಂತು. ನಲವತ್ತು ವರ್ಷದ ಅಭ್ಯಾಸ, ತಾನಾಗಿಯೇ ಬರುತ್ತದೆ. ಅವನು ಅದನ್ನು ನುಂಗಿದ.

"ಜಟ್ಟು, ಕೆಳಗಿಳ್ದು ಇಂಜಿನ್ನಿನ ನೀರು ನೋಡು. ಬಿಸಿಯಾದಾಂಗೆ ಕಾಣ್ತದೆ," ಎಂದ.

ಜಟ್ಟು ಕೆಳಗಿಳಿದ. ಶಾಂತಾರಾಮ ಬೋಟಿನ ಮುಖವನ್ನು ದಕ್ಷಿಣಕ್ಕೆ, ಅಳಿವೆಯೊಳಗೆ ಬೋಟುಗಳು ನಿಲ್ಲುವ ಧಕ್ಕೆಯ ಕಡೆಗೆ ತಿರುಗಿಸಿದ. ಅಲ್ಲಿಂದ ಕೇರಿ ಮರೆ, ಪಂಚಾಯತ ಕಚೇರಿ ಹತ್ತಿರ.

"ತಾಂಡೇಲ್ರೆ, ಅದೆಂತದು ಬಿಳೀದು, ಆ ಬಿದಿರಿಗೆ?" ಎಂದು ಸುಕ್ರ ಕೇಳಿದ. ಗದ್ದೆಯವರಿಗೆ ಕೇರಿಯ ಪದ್ಧತಿ ತಿಳಿಯದು.

"ಎಂತದೂ ಇಲ್ಲ ಗೌಡ್ರೆ. ಯಾರೋ ಸೀರೆ ಒಣಗ್ಸಿದ್ದು."

ಹನ್ನೊಂದಕ್ಕೆ ಮತದಾನವಾಯಿತು. ಆರು, ಐದು. ಹೊರಗೆ ಪಟಾಕಿ ಸಿಡಿಯಿತು. ಸುಮಲತಾಳ ಕೊರಳಿಗೆ ಯಾರೋ ಸೇವಂತಿಗೆ ಹಾರ ಹಾಕಿದರು. ಮಂಗೇಶ ಜೀಪು ಹತ್ತಿ ಧೂಳೆಬ್ಬಿಸಿಕೊಂಡು ಹೋದ. ಆ ಗದ್ದಲದಲ್ಲಿ ನಿತೇಶ ಬಂದು ಅಪ್ಪನ ಮುಖ ನೋಡದೆ, "ಬೆಳಿಗ್ಗೆ ಆರಕ್ಕೆ," ಎಂದಷ್ಟೇ ಹೇಳಿದ. ಶಾಂತಾರಾಮನೇ ಹೋಗಿ ಜಟ್ಟುವಿನ ಹೆಗಲ ಮೇಲೆ ಕೈ ಇಟ್ಟು ಸುದ್ದಿ ಹೇಳಿದ. ಈಗಷ್ಟೇ ತಿಳಿದವನ ದನಿಯಲ್ಲಿ ಹೇಳಿದ. ಅದು ಅವನ ಮೂರನೆಯ ಸುಳ್ಳೋ ನಾಲ್ಕನೆಯದ್ದೋ, ಅಷ್ಟು ಹೊತ್ತಿಗೆ ಅವನಿಗೇ ಎಣಿಕೆ ತಪ್ಪಿತ್ತು.

ಜಟ್ಟು ಓಡಿದ. ಹೆದ್ದಾರಿಯಿಂದ ಕೇರಿಗೆ ಹೋಗುವ ಮರಳಿನಲ್ಲಿ ಮತದಾನಕ್ಕೆಂದು ಹಾಕಿಕೊಂಡಿದ್ದ ಹೊಸ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದ. ಶಾಂತಾರಾಮ ಆ ಚಪ್ಪಲಿಗಳನ್ನು ಎತ್ತಿಕೊಂಡು ಹಿಂದೆ ಹಿಂದೆ ನಡೆದ.

ಎಲ್ಲ ಮುಗಿದ ಮೇಲೆ ಜಟ್ಟು ಬೈಯುತ್ತಾನೆಂದು ಅವನು ಕಾದ. ಬೈದರೆ ಹಗುರಾದೀತು. ಆದರೆ ಹನ್ನೆರಡನೆಯ ದಿನ ಜಟ್ಟು ಅವನ ಪಕ್ಕದಲ್ಲಿ ಕೂತು ಹೇಳಿದ್ದೇ ಬೇರೆ: "ನೀ ಮನಸ್ಸಿಗೆ ಹಚ್ಕೊಬೇಡ ಶಾಂತಣ್ಣ. ನಿತೇಶ ಫೋನು ಮಾಡಿದ್ನಂತೆ, ಹತ್ತಲಿಲ್ಲಂತೆ. ಗುಡ್ಡದ ಮರೇಲಿ ಎಲ್ಲಿ ಹತ್ತಬೇಕು? ಬಟ್ಟೆನೂ ಕಾಣ್ಲಿಲ್ಲ. ನೀನಾರೂ ಎಂತಾ ಮಾಡುಕೆ ಆಗ್ತಿತ್ತು?" ಹಾಗೆ ಹೇಳಿ, ಶಾಂತಾರಾಮನ ಮೊಣಕಾಲನ್ನು ಸಮಾಧಾನಕ್ಕೆಂದು ತಟ್ಟಿದ. ತಾಯಿ ಸತ್ತವನು ಇವನಿಗೆ ಸಮಾಧಾನ ಹೇಳುತ್ತಿದ್ದ. ಶಾಂತಾರಾಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ನೆಲಕ್ಕೆ ಅವನ ಹಂಗೇನು!

ಆಗಲೇ ಹೇಳಬೇಕಿತ್ತು. ಹೇಳಿದರೆ ಜಟ್ಟು ಆಚೆ ಗುಂಪಿಗೆ ಹೋಗುತ್ತಾನೆ, ಸೊಸೆಯ ಕುರ್ಚಿ ಹೋಗುತ್ತದೆ, ಬಯಲು ಹೋಗುತ್ತದೆ, ಅರ್ಧ ಕೇರಿಯ ಅನ್ನ ಹೋಗುತ್ತದೆ. ಹೀಗೆ ದಿನಾ ಬೆಳಿಗ್ಗೆ ಅವನು ಪಟ್ಟಿ ಮಾಡಿಕೊಳ್ಳುತ್ತಿದ್ದ. ಕೇರಿಯ ಅನ್ನವನ್ನು ಯಾವಾಗಲೂ ಕಡೆಗೆ ಹೇಳಿಕೊಳ್ಳುತ್ತಿದ್ದ, ಅದು ಎಲ್ಲಕ್ಕಿಂತ ದೊಡ್ಡದಾಗಿ ಕೇಳಲಿ ಎಂದು. ಸೊಸೆಯ ಕುರ್ಚಿ ಮೊದಲು ಬರುತ್ತಿತ್ತು ಎನ್ನುವುದು ಅವನಿಗೂ ಗೊತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಕಣ್ಣು ಹೋಗುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಮೀನು ಅವನ ಬಾಯಿಗೆ ರುಚಿಸದಾಯಿತು. ಹೆಂಡತಿ ಡಾಕ್ಟರರಿಗೆ ತೋರಿಸಿಕೊಂಡು ಬಾ ಎಂದು ದುಂಬಾಲು ಬಿದ್ದಳು. ನಿತೇಶ ಅಪ್ಪನಿದ್ದ ಕೋಣೆಗೆ ಬರುವುದನ್ನೇ ಬಿಟ್ಟ.

ಹೊಸ ಪಂಚಾಯತದ ಮೊದಲ ಸಭೆ ಏಪ್ರಿಲಿನಲ್ಲಿ. ಅಧ್ಯಕ್ಷರ ಮಾವನೆಂಬ ಗತ್ತಿನಲ್ಲಿ ಶಾಂತಾರಾಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ. ಬಯಲನ್ನು ಯಾರಿಗೂ ಕೊಡಬಾರದೆಂಬ ಠರಾವು ಆರಕ್ಕೆ ಐದರಲ್ಲಿ ಪಾಸಾಯಿತು. ಕಟ್ಟಿನ ಮಾತೂ ಆಯಿತು. ಬೇರೆ ಯಾರದಾದರೂ ಏನಾದರೂ ಇದೆಯೇ ಎಂದು ಸುಮಲತಾ ಕೇಳಿದಾಗ ಜಟ್ಟು ಎದ್ದು ನಿಂತ. ಸಭೆಯಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು ಅದು.

"ನಮ್ ಕೇರಿ ಬಿದಿರು ಗಿಡ್ಡ ಆಯ್ತು," ಎಂದ. ಗದ್ದೆಯವರಿಗೂ ಅಂಗಡಿ ಸಾಲಿನವರಿಗೂ ತಿಳಿಯಲೆಂದು ಬಟ್ಟೆ ಏರಿಸುವ ಪದ್ಧತಿಯನ್ನು ಮೊದಲಿನಿಂದ ವಿವರಿಸಿದ. "ನಮ್ಮವ್ವೆ ಹೋದ ದಿನ ನಂಗೆ ಬಟ್ಟೆ ಕಾಣ್ಲಿಲ್ಲ. ಬಿದಿರು ಇನ್ನೂ ಎತ್ತರ ಇದ್ದಿದ್ರೆ ಕಾಣ್ತಿತ್ತೋ ಏನೋ. ಒಂದು ಕಬ್ಬಿಣದ ಕಂಬ ಹಾಕ್ಸಿ. ಮತ್ತೊಬ್ಬನಿಗೆ ಹೀಂಗೆ ಆಗುಕಾಗ."

ಯಾರೂ ಎದುರಾಡಲಿಲ್ಲ. ಮಂಗೇಶನೂ ಒಪ್ಪಿದ. ಹನ್ನೊಂದಕ್ಕೆ ಹನ್ನೊಂದು. ಆ ಪಂಚಾಯತದಲ್ಲಿ ಅಷ್ಟು ಒಮ್ಮತ ಆಮೇಲೆ ಎಂದೂ ಕಾಣಲಿಲ್ಲವಂತೆ. ಉಪಾಧ್ಯಕ್ಷ ಸುಕ್ರ ಗೌಡ ಮಾತ್ರ ಒಪ್ಪಿಗೆ ಎಂದು ಹೇಳುವುದಕ್ಕೆ ತುಸು ತಡಮಾಡಿದ. ಅವನ ದವಡೆ ಅಗಿಯುವುದನ್ನು ನಿಲ್ಲಿಸಿತ್ತು. ಅವನು ತಿರುಗಿ ಬಾಗಿಲ ಬಳಿಯ ಬೆಂಚನ್ನು ನೋಡುತ್ತಿದ್ದ.

ಸಭೆ ಮುಗಿದ ಮೇಲೆ ಅವನು ಶಾಂತಾರಾಮನ ಪಕ್ಕಕ್ಕೆ ಬಂದು ಕೂತ.

"ಅವತ್ತು ನಾ ಕೇಳಿದ್ದೆ," ಎಂದ ಮೆಲ್ಲಗೆ. "ಸೀರೆ ಅಂದ್ರಿ."

ಶಾಂತಾರಾಮ ಸುತ್ತ ಒಮ್ಮೆ ನೋಡಿದ. "ಗೌಡ್ರೆ, ನೀವು..."

"ನಾ ಯಾರಿಗೂ ಹೇಳುದಿಲ್ಲ. ಕರಾರು ಕರಾರೇ. ಆ ಮುದುಕಿ ಚಟ್ನಿ ಎರಡು ದಿನ ಉಂಡೆ ನಾ, ತಾಂಡೇಲ್ರೆ. ವಾಂತಿ ಆಗ್ದೆ ಹೊಟ್ಟೇಲಿ ನಿಂತದ್ದು ಅದೊಂದೇ." ಸುಕ್ರ ಎದ್ದು ಕವಳ ಉಗುಳಿ ಬಂದು ನಿಂತ. "ನಾ ಹೇಳೂದಲ್ಲ ಅದು. ನೀವು ಹೇಳೂದು."

ಆಮೇಲಿನ ಒಂದು ತಿಂಗಳು ಶಾಂತಾರಾಮ ಹತ್ತು ಸಲ ಬಾಯಿ ತೆರೆದ. ಬಲೆ ಎಳೆಯುವಾಗ ಒಮ್ಮೆ, ಚಹಾದಂಗಡಿಯಲ್ಲಿ ಒಮ್ಮೆ, ಜಟ್ಟುವಿನ ಮಗಳು ಪ್ರೇಕ್ಷಾ ಹತ್ತನೆಯ ತರಗತಿ ಪಾಸಾದಳೆಂದು ಪೇಡೆ ತಂದುಕೊಟ್ಟಾಗ ಒಮ್ಮೆ. ಪ್ರತಿ ಸಲವೂ ಜಟ್ಟು, "ಎಂತಾ ಶಾಂತಣ್ಣ?" ಎಂದು ಮುಖ ಎತ್ತಿ ನೋಡುತ್ತಿದ್ದ. ಅದರಲ್ಲಿ ಒಂದು ಚೂರು ಅನುಮಾನ ಇದ್ದಿದ್ದರೂ ಹೇಳಿಬಿಡುತ್ತಿದ್ದನೇನೋ. ಇರಲಿಲ್ಲ.

ಮೇ ತಿಂಗಳ ನಡುವಿಗೆ, ಮಳೆಗಾಲ ಹಿಡಿಯುವ ಮುಂಚೆ, ಕಬ್ಬಿಣದ ಕಂಬ ಬಂತು. ಹಳೆಯ ಬಿದಿರಿನಿಂದ ಹತ್ತು ಹೆಜ್ಜೆ ದೂರಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿ ನಿಲ್ಲಿಸಿದರು. ಬಿದಿರಿನ ಒಂದೂವರೆ ಪಾಲು ಎತ್ತರ, ರಾಟೆ, ಹೊಸ ಹಗ್ಗ. ಬೆಳಿಗ್ಗೆ ಒಂಬತ್ತಕ್ಕೆ ಪಂಚಾಯತದವರು ಬಂದು ತೆಂಗಿನಕಾಯಿ ಒಡೆದರು. ಕಂಬ ದೂರಕ್ಕೆ ಕಾಣುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕೆಂದ ಜಟ್ಟು. ಸಾವಿಲ್ಲದೆ ಬಿಳಿ ಏರಿಸುವುದು ಅಪಶಕುನ. ಅದಕ್ಕೆ ಕೆಂಪು ಬಟ್ಟೆಯೊಂದನ್ನು ತಂದಿದ್ದ. ಕೆಂಪು ಏರಿದರೆ ಯಾರೂ ಗಾಬರಿಯಾಗಬೇಡಿ ಎಂದು ನಸುಕಿನಲ್ಲೇ ಹೊರಟ ದೋಣಿಗಳಿಗೆಲ್ಲ ತಿಳಿಸಿಯೂ ಆಗಿತ್ತು.

"ಕೇರಿ ಬೋಟಿನವ್ರಿಗೆಲ್ಲ ಹಿರೇ ತಾಂಡೇಲ ನೀನು. ಮೊದಲ ಸಲ ನೀನೇ ಏರಿಸ್ಬೇಕು," ಎಂದು ಆ ಬಟ್ಟೆಯನ್ನು ಶಾಂತಾರಾಮನ ಕೈಗೆ ಕೊಟ್ಟ. "ನಾ ಸಣ್ಣ ದೋಣಿ ತಕಂಡು ಹದ್ದಿನ ಗುಡ್ಡದ ಮೂಲೆಗೆ ಹೋಗ್ತೆ. ಅವತ್ತು ನಾವು ಎಲ್ಲಿ ಸುತ್ತಿ ಬಂದ್ವೋ ಅಲ್ಲೇ. ಅಲ್ಲಿಂದ ಕಂಡ್ರೆ ಎಲ್ಲಾ ಕಡೆಯಿಂದ್ಲೂ ಕಂಡಾಂಗೆ."

"ಜಟ್ಟು," ಎಂದ ಶಾಂತಾರಾಮ.

"ಎಂತಾ ಶಾಂತಣ್ಣ?"

"ಗಾಳಿ ಅದೆ. ಜೋಕೆ."

ದೋಣಿ ಹೊರಟಿತು. ಪೂಜೆ ಮುಗಿಸಿದವರು ಪ್ರಸಾದ ತಿಂದು ಚಪ್ಪರದ ನೆರಳಿಗೆ ಸರಿದರು. ಶಾಂತಾರಾಮನೊಬ್ಬನೇ ಕೆಂಪು ಬಟ್ಟೆ ಹಿಡಿದು ಕಂಬದ ಬುಡದಲ್ಲಿ ನಿಂತ. ಕೆಂಪು ಏರಿಸಿದರೆ ಜಟ್ಟುವಿಗೆ ಕಾಣುತ್ತದೆ. ಖುಷಿಯಿಂದ ಬರುತ್ತಾನೆ. ಎತ್ತರ ಸಾಲದೆ ಅವತ್ತು ಕಾಣಲಿಲ್ಲ, ಈಗ ಸರಿಯಾಯಿತು ಎನ್ನುತ್ತಾನೆ. ಕಬ್ಬಿಣದ ಕಂಬ ಐವತ್ತು ವರ್ಷ ಇಲ್ಲಿ ನಿಂತು ಶಾಂತಾರಾಮನ ಸುಳ್ಳನ್ನು ನಿಜವೆಂದು ಸಾರುತ್ತಿರುತ್ತದೆ. ದಿನಾ ಸಮುದ್ರಕ್ಕೆ ಹೋಗುವಾಗ ಬರುವಾಗ ಅದನ್ನು ನೋಡಬೇಕು. ಅವನು ಸತ್ತ ದಿನ ಅವನ ಮನೆಯ ಬಟ್ಟೆಯನ್ನೂ ಅದಕ್ಕೇ ಏರಿಸುತ್ತಾರೆ.

ದೋಣಿ ಗುಡ್ಡದ ಮೂಲೆಗೆ ಮುಟ್ಟಿ ನಿಂತಿತು.

ಶಾಂತಾರಾಮ ಕೆಂಪು ಬಟ್ಟೆಯನ್ನು ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟ. ಹತ್ತು ಹೆಜ್ಜೆ ನಡೆದು ಹಳೆಯ ಬಿದಿರಿನ ಹತ್ತಿರ ಹೋದ. ಪೂಜೆಗೆಂದು ಹೊದ್ದುಕೊಂಡು ಬಂದಿದ್ದ ಬಿಳಿ ಪಂಚೆಯನ್ನು ಹೆಗಲಿಂದ ತೆಗೆದು ಹಳೆಯ ಹಗ್ಗಕ್ಕೆ ಕಟ್ಟಿದ. ಗಂಟು ಸರಿಯಾಗಿ ಬಿತ್ತು. ಎಳೆದ. ಬಟ್ಟೆ ತುದಿ ಮುಟ್ಟಿ ಗಾಳಿಗೆ ಬಿಚ್ಚಿಕೊಂಡಿತು.

ಚಪ್ಪರದಲ್ಲಿ ಯಾರೋ ಹೆಂಗಸು ಅಯ್ಯೋ ಎಂದಳು. ಸುಮಲತಾ, "ಮಾವಾ, ಎಂತಾ ಮಾಡ್ತ್ರಿ?" ಎಂದು ಓಡಿ ಬಂದಳು. ಅವಳ ಹಿಂದೆ ಬಂದ ಸುಕ್ರ ಗೌಡ ಅವಳನ್ನು ತಡೆದ.

ಗುಡ್ಡದ ಮೂಲೆಯಲ್ಲಿ ದೋಣಿ ಬಹಳ ಹೊತ್ತು ಅಲುಗಲಿಲ್ಲ. ಎಷ್ಟು ಹೊತ್ತು ಎಂದರೆ ಇಂಜಿನ್ ಕೆಟ್ಟಿತೋ ಏನೋ ಎಂದು ಜನ ಮಾತಾಡಿಕೊಂಡರು. ಆಮೇಲೆ ಅದರ ಮುಖ ದಡದ ಕಡೆಗೆ ತಿರುಗಿತು. ನೇರವಾಗಿ ಬಂತು.

ಜಟ್ಟು ಮೊಣಕಾಲು ನೀರಿನಲ್ಲಿ ಇಳಿದು ದೋಣಿಯನ್ನು ಮರಳಿಗೆ ಎಳೆದು ಬಂದ. ಕಬ್ಬಿಣದ ಕಂಬವನ್ನು ನೋಡಲಿಲ್ಲ. ಬಿದಿರಿನ ಬುಡಕ್ಕೆ ಬಂದು ತಲೆಯೆತ್ತಿ ಬಟ್ಟೆಯನ್ನು ನೋಡಿದ, ಆಮೇಲೆ ಶಾಂತಾರಾಮನನ್ನು ನೋಡಿದ. ಪದ್ಧತಿಯಂತೆ ಕೇಳಿದ.

"ಯಾರ ಮನೆ?"

"ನಿಂದೇ, ಜಟ್ಟು," ಎಂದ ಶಾಂತಾರಾಮ. "ಎರಡು ತಿಂಗಳಾಯ್ತು. ಅವತ್ತೇ ನಂಗೆ ಕಂಡಿತ್ತು, ನಾ 'ಬಟ್ಟೆ' ಹೇಳಿ ಕೂಗ್ಲಿಲ್ಲ."

ಜಟ್ಟುವಿನ ಮುಖದಲ್ಲಿ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಏನನ್ನೋ ಲೆಕ್ಕ ಹಾಕುವವನಂತೆ ಮರಳನ್ನು ನೋಡುತ್ತ ನಿಂತ.

"ಇಂಜಿನ್ನಿಗೆ ನೀರು ತುಂಬೇ ಇತ್ತು ಅವತ್ತು," ಎಂದ. "ಎಂತಕ್ಕೆ ಕಳ್ಸಿದ್ಯೋ ಹೇಳಿ ಅಂದ್ಕೊಂಡೆ ನಾ." ಮುಖ ಎತ್ತಿದ. "ಬುಧವಾರ ಫೋನು ಹತ್ತಿತ್ತಾ?"

ಇದು ಬರುತ್ತದೆಂದು ಶಾಂತಾರಾಮ ಎಣಿಸಿರಲಿಲ್ಲ. ಬಟ್ಟೆಯದ್ದು ಸಣ್ಣದು, ಅಷ್ಟು ಹೊತ್ತಿಗೆ ಕಾಮಕ್ಕನ ಜೀವ ಹೋಗಿಯಾಗಿತ್ತು. ಫೋನಿನದ್ದೇ ದೊಡ್ಡದು. ಬುಧವಾರ ಅವಳಿಗೆ ಇನ್ನೂ ಬಾಯಿತ್ತು, ಮಗನ ಹೆಸರು ಹಿಡಿದು ಕರೆಯುತ್ತಿದ್ದಳು. ಹತ್ತಲಿಲ್ಲವೆಂದರೆ ಜಟ್ಟು ಇವತ್ತೂ ನಂಬುತ್ತಾನೆ. ಅವನಿಗೂ ಅದೇ ಮಾತು ಬೇಕಾಗಿತ್ತು, ಕಣ್ಣಿನಲ್ಲೇ ಕಾಣುತ್ತಿತ್ತು.

"ಹತ್ತಿತ್ತು," ಎಂದ ಶಾಂತಾರಾಮ.

ಜಟ್ಟು ತಲೆಯಾಡಿಸಿದ. ತಿರುಗಿ ಕೇರಿಯ ಕಡೆ ನಡೆದ. ಅವನು ಯಾವ ಗುಂಪಿಗೆ ಹೋಗುತ್ತಾನೆ, ಪಂಚಾಯತ ಉಳಿಯುತ್ತದೋ ಇಲ್ಲವೋ, ಆ ಗಳಿಗೆಯಲ್ಲಿ ಶಾಂತಾರಾಮನಿಗೆ ಒಂದೂ ನೆನಪಾಗಲಿಲ್ಲ. ಹಿಂದಿನಿಂದ ಕರೆಯಬೇಕೆನ್ನಿಸಿತು, ಕರೆಯುವ ಹಕ್ಕಿರಲಿಲ್ಲ.

ಸುಮಲತಾ ಬಿಕ್ಕುತ್ತಿದ್ದಳು. ಸುಕ್ರ ಗೌಡ ಸಮುದ್ರದ ಕಡೆ ಕೈ ತೋರಿಸಿದ.

ಶಾಂತಾರಾಮ ತಿರುಗಿ ನೋಡಿದ. ನಸುಕಿನಲ್ಲಿ ಹೊರಟಿದ್ದ ದೋಣಿಗಳಿಗೆಲ್ಲ ಬಿಳಿ ಬಟ್ಟೆ ಕಂಡಿತ್ತು. ಬಲೆಗಳನ್ನು ಎಳೆದುಕೊಂಡು ಒಂದೊಂದಾಗಿ ಮುಖ ತಿರುಗಿಸಿ ಬರುತ್ತಿದ್ದವು. ಹದಿನೇಳು ಇದ್ದವು. ಪಂಚೆ ಇಳಿಸಿ ಮನೆಗೆ ಹೋಗಬಹುದಿತ್ತು, ಮುದುಕನಿಗೆ ಬಿಸಿಲಿಗೆ ತಲೆ ತಿರುಗಿ ಕೆಂಪಿನ ಬದಲು ಬಿಳಿ ಏರಿಸಿದ ಎಂದು ಯಾರಾದರೂ ಹೇಳಿ ಮುಗಿಸುತ್ತಿದ್ದರು.

ಮೊದಲ ದೋಣಿಯಿಂದ ಕೇರಿಯ ಹುಡುಗ ರೋಹಿತ ಹಾರಿ, ಒದ್ದೆ ಕಾಲಿನಲ್ಲಿ ಓಡುತ್ತ ಬಿದಿರಿನ ಬುಡಕ್ಕೆ ಬಂದ. ಅವನ ಎದೆ ಹಾರುತ್ತಿತ್ತು. ಮನೆಯಲ್ಲಿ ಅವನ ಅಜ್ಜ ಹಾಸಿಗೆ ಹಿಡಿದಿದ್ದ.

"ಯಾರ ಮನೆ, ತಾಂಡೇಲಾ?"

"ನಿಮ್ದಲ್ಲ, ಹೆದ್ರಬೇಡ," ಎಂದ ಶಾಂತಾರಾಮ. "ನಿಲ್ಲು, ಹೇಳ್ತೆ." ಅವನು ಬಿದಿರಿಗೆ ಬೆನ್ನು ಕೊಟ್ಟು ಸರಿಯಾಗಿ ನಿಂತುಕೊಂಡು ಹೇಳಲು ಶುರುಮಾಡಿದ. ಇನ್ನೂ ಹದಿನಾರು ದೋಣಿಗಳು ಬರುವುದಿದ್ದವು.